ಖಿನ್ನತೆಯ ಮಾತ್ರೆ: ಮೊದಲ ಆರು ವಾರಗಳಲ್ಲಿ ಏನಾಗುತ್ತದೆ

ಖಿನ್ನತೆಗೆ ಮಾತ್ರೆ ಬರೆಸಿಕೊಂಡು ಹೋದವರಲ್ಲಿ ಎಷ್ಟೋ ಮಂದಿ ಎರಡನೆಯ ಭೇಟಿಗೆ ಬರುವುದೇ ಇಲ್ಲ. ಎಷ್ಟೋ ತಿಂಗಳ ನಂತರ ಬೇರೆ ಯಾವುದೋ ಕಾರಣಕ್ಕೆ ಬಂದಾಗ ವಿಚಾರಿಸಿದರೆ, "ನಾಲ್ಕು ದಿನ ತೊಗೊಂಡೆ ಡಾಕ್ಟ್ರೇ, ಒಗ್ಗಲಿಲ್ಲ. ಹೊಟ್ಟೆ ತೊಳಸೋಕೆ ಶುರುವಾಯ್ತು, ತಲೆ ಧಿಮ್ ಅಂತಿತ್ತು, ಬೇಜಾರು ಮಾತ್ರ ಇದ್ದ ಹಾಗೇ ಇತ್ತು, ಅದಕ್ಕೇ ಬಿಟ್ಟುಬಿಟ್ಟೆ" ಎನ್ನುತ್ತಾರೆ. ಅವರು ಹೇಳುವುದರಲ್ಲಿ ಒಂದಕ್ಷರವೂ ಸುಳ್ಳಲ್ಲ. ನಾಲ್ಕನೆಯ ದಿನ ಅನೇಕರಿಗೆ ಆಗುವುದೇ ಹಾಗೆ. ಈ ಔಷಧಿಗಳು ಮೊದಲು ತೊಂದರೆ ಕೊಡುತ್ತವೆ, ಗುಣ ತೋರಿಸುವುದು ಆಮೇಲೆ. ಎರಡರ ನಡುವೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳ ಅಂತರವಿರುತ್ತದೆ. ಚೀಟಿ ಕೈಗಿಡುವಾಗಲೇ ಈ ಮಾತನ್ನು ಬಿಡಿಸಿ ಹೇಳಿದ್ದರೆ ಅವರಲ್ಲಿ ಬಹುಪಾಲು ಜನ ಮಾತ್ರೆ ಬಿಡುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ. ಆದ್ದರಿಂದ ಇವತ್ತಿನ ನನ್ನ ಮಾತು ಮುಖ್ಯವಾಗಿ ಆ ಅಂತರದ ಬಗ್ಗೆಯೇ.

ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಪ್ರತಿ 20 ಮಂದಿ ವಯಸ್ಕರಲ್ಲಿ ಸುಮಾರು ಒಬ್ಬರು ಜೀವನದ ಒಂದಲ್ಲ ಒಂದು ಹಂತದಲ್ಲಿ ಖಿನ್ನತೆಯನ್ನು ಅನುಭವಿಸಿದವರು. ಖಿನ್ನತೆ ಇದ್ದವರಲ್ಲಿ ಶೇಕಡ 85ರಷ್ಟು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಅಂದರೆ ನೂರು ಜನರಲ್ಲಿ ಹದಿನೈದು ಜನ ಹೇಗೋ ಧೈರ್ಯ ಮಾಡಿ, ಮನೆಯವರನ್ನು ಒಪ್ಪಿಸಿ, ಬಸ್ಸು ಹತ್ತಿ ಆಸ್ಪತ್ರೆಯವರೆಗೆ ಬಂದಿರುತ್ತಾರೆ. ಅವರನ್ನೂ ನಾಲ್ಕನೆಯ ದಿನದ ವಾಕರಿಕೆಗೆ ಬಿಟ್ಟುಕೊಡುವುದು ನನಗೆ ಸಹಿಸಲಾಗದ ಸಂಗತಿ.

ಮಾತ್ರೆಯ ವಿಷಯಕ್ಕೆ ಹೋಗುವ ಮುನ್ನ, ಅದನ್ನು ಬರೆಯುವುದಕ್ಕೂ ಮೊದಲು ಆಗಬೇಕಾದ ಕೆಲವು ಕೆಲಸಗಳಿವೆ. ಥೈರಾಯ್ಡ್ ಕಡಿಮೆಯಾದಾಗ, ರಕ್ತಹೀನತೆಯಾದಾಗ, ಬಿ12 ಜೀವಸತ್ವದ ಕೊರತೆಯಾದಾಗ ಮನುಷ್ಯ ಖಿನ್ನತೆಯಾದವರ ಹಾಗೆಯೇ ಸುಸ್ತಾಗಿ, ಆಸಕ್ತಿ ಕಳೆದುಕೊಂಡು ಕೂರಬಹುದು. ಒಂದು ರಕ್ತಪರೀಕ್ಷೆಯಿಂದ ಅದು ತಿಳಿಯುತ್ತದೆ. ಇನ್ನೊಂದನ್ನು ರೋಗಿಯಾಗಲಿ ಮನೆಯವರಾಗಲಿ ತಾವಾಗಿ ಹೇಳುವುದು ಅಪರೂಪ, ಏಕೆಂದರೆ ಅದು ಕಾಯಿಲೆ ಎಂದೇ ಅವರಿಗೆ ತೋರಿರುವುದಿಲ್ಲ. ಹಿಂದೆ ಯಾವಾಗಲಾದರೂ ವಾರಗಟ್ಟಲೆ ಮೂರು ನಾಲ್ಕು ಗಂಟೆ ಮಾತ್ರ ಮಲಗಿ, ಆದರೂ ದಣಿವಿಲ್ಲದೆ, ಮಿತಿಮೀರಿ ಮಾತನಾಡಿ, ಕೈಮೀರಿ ಖರ್ಚು ಮಾಡಿ, ದೊಡ್ಡ ದೊಡ್ಡ ಯೋಜನೆ ಹಾಕಿದ ಕಾಲವೊಂದು ಇತ್ತೇ? ಇದ್ದರೆ ಅದು ಬೈಪೋಲಾರ್ ಕಾಯಿಲೆ ಇರಬಹುದು. ಅಂಥವರಿಗೆ ಖಿನ್ನತೆಯ ಮಾತ್ರೆಯನ್ನು ಮಾತ್ರ ಕೊಟ್ಟರೆ ಮನಸ್ಸು ಇನ್ನೊಂದು ತುದಿಗೆ ಹಾರುವ ಅಪಾಯವಿದೆ. ಆದ್ದರಿಂದ ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಹಾಗೆಯೇ ನೀವು ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ, ಬಿಪಿಯದು, ರಕ್ತ ತೆಳುವಾಗಿಸುವಂಥದ್ದು, ಮಂಡಿನೋವಿನದು, ಆಯುರ್ವೇದದ್ದು ಎಂದು ನೋಡದೆ, ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ. ಇನ್ನು, ಖಿನ್ನತೆ ಸೌಮ್ಯವಾಗಿದ್ದರೆ ಮಾತ್ರೆಯೇ ಮೊದಲ ಹೆಜ್ಜೆಯಾಗಬೇಕಿಲ್ಲ. ಆಪ್ತಸಮಾಲೋಚನೆ, ನಿದ್ರೆಯ ಶಿಸ್ತು, ನಡಿಗೆ ಇವುಗಳಿಂದಲೇ ಅನೇಕರು ಚೇತರಿಸಿಕೊಳ್ಳುತ್ತಾರೆ. ಮಾತ್ರೆಯ ನಿಜವಾದ ಬೆಲೆ ತಿಳಿಯುವುದು ಮಧ್ಯಮ ಮತ್ತು ತೀವ್ರ ಖಿನ್ನತೆಯಲ್ಲಿ.

ಈಗ ಮೊದಲ ವಾರಕ್ಕೆ ಬರೋಣ. ಇಂದು ಹೆಚ್ಚಾಗಿ ಬರೆಯುವುದು ಎಸಿಟಲೋಪ್ರಾಮ್, ಸರ್ಟ್ರಾಲಿನ್, ಫ್ಲುಯೋಕ್ಸೆಟಿನ್ ಎಂಬ ಔಷಧಿಗಳನ್ನು. ಇವೆಲ್ಲ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುತ್ತವೆ. ಸೆರೊಟೋನಿನ್ ಎಂದರೆ ಮಿದುಳಿನ ವಸ್ತು ಎಂದು ನಾವು ಅಂದುಕೊಳ್ಳುತ್ತೇವೆ, ಆದರೆ ದೇಹದ ಸೆರೊಟೋನಿನ್‌ನಲ್ಲಿ ಬಹುಪಾಲು ಇರುವುದು ಕರುಳಿನಲ್ಲಿ. ಹೀಗಾಗಿ ಮಾತ್ರೆಯ ಸುದ್ದಿ ಮೊದಲು ಮುಟ್ಟುವುದು ಹೊಟ್ಟೆಗೆ. ವಾಕರಿಕೆ, ಊಟ ಸೇರದಿರುವುದು, ಒಂದೆರಡು ಸಲ ಭೇದಿ, ಇವೆಲ್ಲ ಸಾಮಾನ್ಯ. ಜೊತೆಗೆ ತಲೆನೋವು, ಬಾಯಿ ಒಣಗುವುದು, ಬೆವರು, ಕೈ ಸಣ್ಣಗೆ ನಡುಗುವುದು, ಕೆಲವರಿಗೆ ನಿದ್ರೆ ಹಾರಿಹೋಗುವುದು, ಮತ್ತೆ ಕೆಲವರಿಗೆ ಹಗಲಿಡೀ ಮಂಪರು. ಇವು ಒಂದೆರಡು ವಾರಗಳಲ್ಲಿ ತಾವಾಗಿ ಇಳಿಯುತ್ತವೆ, ಏಕೆಂದರೆ ದೇಹ ಹೊಸ ಮಟ್ಟಕ್ಕೆ ಹೊಂದಿಕೊಳ್ಳುತ್ತದೆ. ಎಸಿಟಲೋಪ್ರಾಮ್ ಅನ್ನು 5 ಮಿಲಿಗ್ರಾಂನಿಂದ, ಸರ್ಟ್ರಾಲಿನ್ ಅನ್ನು 25 ಮಿಲಿಗ್ರಾಂನಿಂದ ಆರಂಭಿಸಿ ಒಂದು ವಾರದ ನಂತರ ಏರಿಸುವುದು ಈ ಕಾರಣಕ್ಕಾಗಿಯೇ. "ಕಡಿಮೆ ಪವರಿಂದು ಕೊಟ್ಟಿದ್ದಾರೆ, ಇದರಿಂದ ಏನಾಗುತ್ತೆ" ಎಂದುಕೊಂಡು ಎರಡೆರಡು ನುಂಗುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಿಂಡಿಯಾದ ಮೇಲೆ ತೆಗೆದುಕೊಂಡರೆ ಹೊಟ್ಟೆ ತೊಳಸುವುದು ಕಡಿಮೆ. ನಿದ್ರೆ ಕೆಟ್ಟರೆ ಬೆಳಿಗ್ಗೆಗೆ, ಮಂಪರು ಬಂದರೆ ರಾತ್ರಿಗೆ ಸಮಯ ಬದಲಿಸಿಕೊಳ್ಳಬಹುದು, ವೈದ್ಯರಿಗೆ ಒಂದು ಮಾತು ತಿಳಿಸಿ.

ಮಾತ್ರೆ ಉಷ್ಣವಲ್ಲವೇ, ಪಥ್ಯವೇನು ಎಂದು ಪ್ರತಿ ಸಭೆಯಲ್ಲೂ ಕೇಳುತ್ತಾರೆ. ಬದನೆಕಾಯಿ, ಮೊಸರು, ಬಾಳೆಹಣ್ಣು ಯಾವುದನ್ನೂ ಬಿಡಬೇಕಿಲ್ಲ. ಬಿಡಬೇಕಾದದ್ದು ಮದ್ಯವನ್ನು. ಅದು ಮಂಪರನ್ನು ಹೆಚ್ಚಿಸುವುದಲ್ಲದೆ ಖಿನ್ನತೆಯನ್ನೂ ಆಳವಾಗಿಸುತ್ತದೆ.

ನಮ್ಮಲ್ಲಿಗೆ ಬರುತ್ತಿದ್ದ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಮಾಡಿದ ಒಂದು ಕೆಲಸವನ್ನು ಇಲ್ಲಿ ಹೇಳಬೇಕು. ಅಡುಗೆಮನೆಯ ಗೋಡೆಯ ಮೇಲೆ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇರುತ್ತದಲ್ಲ, ಅದರಲ್ಲೇ ಪ್ರತಿ ತಾರೀಖಿನ ಮೂಲೆಯಲ್ಲಿ ಅವರು ಸಣ್ಣ ಅಕ್ಷರಗಳನ್ನು ಗುರುತು ಹಾಕುತ್ತಾ ಬಂದಿದ್ದರು. ವಾಕರಿಕೆಯಾದ ದಿನ 'ವಾ', ನಿದ್ರೆ ಬಂದ ರಾತ್ರಿಗೆ 'ನಿ', ಅತ್ತ ದಿನಕ್ಕೆ ಒಂದು ಚುಕ್ಕೆ. ಮೂರನೆಯ ವಾರ ಆ ಹಾಳೆಯನ್ನೇ ಹರಿದು ತಂದು ನನ್ನ ಮೇಜಿನ ಮೇಲಿಟ್ಟು, ಏನೂ ಪ್ರಯೋಜನವಾಗಿಲ್ಲ ಸಾರ್, ನಿಲ್ಲಿಸಿಬಿಡಲೇ ಎಂದು ಕೇಳಿದರು. ಹಾಳೆ ಬೇರೆಯೇ ಕಥೆ ಹೇಳುತ್ತಿತ್ತು. ಮೊದಲ ಸಾಲಿನಲ್ಲಿ ದಿನವೂ 'ವಾ' ಇತ್ತು, ಎರಡನೆಯ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು, ಮೂರನೆಯದರಲ್ಲಿ ಇರಲೇ ಇಲ್ಲ. ಎರಡನೆಯ ಸಾಲಿನ ಮಧ್ಯದಿಂದ 'ನಿ' ಕಾಣಿಸಿಕೊಂಡಿತ್ತು. ಚುಕ್ಕೆಗಳು ಮಾತ್ರ ಹಾಗೇ ಇದ್ದವು. ಅವರು ನೋಡುತ್ತಿದ್ದುದು ಆ ಚುಕ್ಕೆಗಳನ್ನೇ. ನಾನು ಬೆರಳಿಟ್ಟು ತೋರಿಸಿದ ಮೇಲೆ ಇನ್ನೊಂದು ತಿಂಗಳು ಮುಂದುವರಿಸಲು ಒಪ್ಪಿದರು. ನೀವು ಮಾತ್ರೆ ಆರಂಭಿಸುತ್ತಿದ್ದರೆ ಹೀಗೊಂದು ಗುರುತಿಡುವ ಅಭ್ಯಾಸ ಮಾಡಿಕೊಳ್ಳಿ. ಖಿನ್ನತೆ ನೆನಪನ್ನೂ ಕಪ್ಪಾಗಿಸುತ್ತದೆ. ಹಿಂದಿನ ವಾರ ಸ್ವಲ್ಪ ಹಗುರವಾಗಿತ್ತು ಎಂಬುದೇ ಇಂದಿನ ಕೆಟ್ಟ ದಿನದಲ್ಲಿ ನೆನಪಿಗೆ ಬರುವುದಿಲ್ಲ.

ಮೊದಲ ವಾರಗಳಲ್ಲಿ ಕಡೆಗಣಿಸಲೇಬಾರದ ಸಂಗತಿಯೊಂದಿದೆ. ಕೆಲವರಿಗೆ ಹಿಂದೆಂದೂ ಇಲ್ಲದಂಥ ಚಡಪಡಿಕೆ ಶುರುವಾಗುತ್ತದೆ. ಕೂತಲ್ಲಿ ಕೂರಲಾಗುವುದಿಲ್ಲ, ಕಾಲು ಸುಮ್ಮನಿರುವುದಿಲ್ಲ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ, ಸಾಯುವ ಯೋಚನೆ ಹೊಸದಾಗಿ ಬರಬಹುದು ಅಥವಾ ಇದ್ದದ್ದು ಹೆಚ್ಚಬಹುದು. ಎಳೆಯ ವಯಸ್ಸಿನವರಲ್ಲಿ ಇದು ಹೆಚ್ಚು ಗಮನಿಸಬೇಕಾದದ್ದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮಕ್ಕಳು ಮತ್ತು ಹದಿಹರೆಯದವರ ಬಗ್ಗೆ 2004ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಹೊರಡಿಸಿ, 2007ರಲ್ಲಿ ಅದನ್ನು 24 ವರ್ಷದವರೆಗೆ ವಿಸ್ತರಿಸಿತು. ಆ ಎಚ್ಚರಿಕೆಗೆ ಆಧಾರವಾದ ಅಧ್ಯಯನಗಳಲ್ಲಿ, ಔಷಧವಿಲ್ಲದ ಹುಸಿಮಾತ್ರೆ ಪಡೆದ ಮಕ್ಕಳಲ್ಲಿ ನೂರಕ್ಕೆ ಸುಮಾರು 2 ಮಂದಿಯಲ್ಲಿ ಇಂಥ ಯೋಚನೆ ಅಥವಾ ನಡವಳಿಕೆ ಕಂಡಿದ್ದರೆ, ನಿಜವಾದ ಮಾತ್ರೆ ಪಡೆದವರಲ್ಲಿ ಅದು ಸುಮಾರು 4 ಮಂದಿಯಲ್ಲಿತ್ತು. ಆ ಅಧ್ಯಯನಗಳಲ್ಲಿ ಯಾರೂ ಜೀವ ಕಳೆದುಕೊಳ್ಳಲಿಲ್ಲ. ಇದನ್ನು ಹೇಳುವುದು ಹೆದರಿಸಲಿಕ್ಕಲ್ಲ. ಚಿಕಿತ್ಸೆ ಸಿಗದ ಖಿನ್ನತೆಯ ಅಪಾಯವೂ ಸಣ್ಣದಲ್ಲ. ಆದರೆ ಮನೆಯಲ್ಲಿ ಇರುವವರು ಮೊದಲ ತಿಂಗಳು ಕಣ್ಣಿಟ್ಟಿರಬೇಕು. ಚಡಪಡಿಕೆ ಕಂಡರೆ ಮುಂದಿನ ಭೇಟಿಯ ದಿನ ಬರಲಿ ಎಂದು ಕಾಯದೆ ಅಂದೇ ವೈದ್ಯರನ್ನು ಕಾಣಿ. ಮಾತ್ರೆಯ ಡಬ್ಬಿ ಮನೆಯ ಇನ್ನೊಬ್ಬರ ಕೈಯಲ್ಲಿರಲಿ, ಅದರಲ್ಲೂ ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಮಾತ್ರೆಗಳು. ಅವನ್ನು ಹೆಚ್ಚು ನುಂಗಿದರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ಇಲ್ಲಿ ರೈತ ಕುಟುಂಬದವರು ಬಹಳ ಮಂದಿ ಇದ್ದೀರಿ. ಕ್ರಿಮಿನಾಶಕದ ಬಾಟಲಿಗಳನ್ನು ಬೀಗ ಹಾಕಿಡಿ, ಸಾಧ್ಯವಾದರೆ ಮನೆಯಲ್ಲಿ ಇಟ್ಟುಕೊಳ್ಳಲೇಬೇಡಿ. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ 14416 ಎಂಬ ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿ. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಉಚಿತ ಸೇವೆ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತನಾಡುತ್ತಾರೆ.

ಈ ಮೊದಲ ಹಂತವನ್ನು ದಾಟಿಸಲು ಕ್ಲೋನಜೆಪಾಮ್‌ನಂಥ ಮಾತ್ರೆಯನ್ನು ಜೊತೆಗೆ ಬರೆಯುವುದುಂಟು. ಎರಡೂ ಒಂದೇ ಗುಳಿಗೆಯಲ್ಲಿ ಸೇರಿರುವುದೂ ನಮ್ಮ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಅದನ್ನು ನುಂಗಿದ ರಾತ್ರಿಯೇ ನಿದ್ರೆ ಬರುತ್ತದೆ, ಆತಂಕ ಇಳಿಯುತ್ತದೆ. ಆದ್ದರಿಂದ ರೋಗಿಗೆ ಇದೇ ಒಳ್ಳೆಯ ಮಾತ್ರೆ, ಇನ್ನೊಂದು ದಂಡ ಎಂದು ತೋರುತ್ತದೆ. ಆದರೆ ಅಭ್ಯಾಸಕ್ಕೆ ಬೀಳಿಸುವ ಗುಣ ಇರುವುದು ಈ ಕ್ಲೋನಜೆಪಾಮ್‌ಗೆ. ಎರಡರಿಂದ ನಾಲ್ಕು ವಾರಗಳಲ್ಲಿ ಅದನ್ನು ಇಳಿಸಿ ನಿಲ್ಲಿಸುವುದು ಎಂದು ಮೊದಲ ದಿನವೇ ವೈದ್ಯರಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಹಳೆಯ ಚೀಟಿ ತೋರಿಸಿ ಮೆಡಿಕಲ್ ಅಂಗಡಿಯಲ್ಲಿ ವರ್ಷಗಟ್ಟಲೆ ಅದೇ ಜೋಡಿಮಾತ್ರೆ ಕೊಳ್ಳುತ್ತಿರುವವರನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹಾಗಾದರೆ ಗುಣ ಯಾವಾಗ, ಹೇಗೆ ಕಾಣಿಸಿಕೊಳ್ಳುತ್ತದೆ? ಒಂದು ಬೆಳಿಗ್ಗೆ ಎದ್ದಾಗ ಮನಸ್ಸು ಪ್ರಸನ್ನವಾಗಿರುತ್ತದೆ ಎಂಬ ನಿರೀಕ್ಷೆ ಇಟ್ಟುಕೊಂಡರೆ ನಿರಾಶೆಯಾಗುತ್ತದೆ. ಸಾಮಾನ್ಯವಾಗಿ ಮೊದಲು ಸರಿಹೋಗುವುದು ನಿದ್ರೆ ಮತ್ತು ಹಸಿವು. ಆಮೇಲೆ ಮೈಗೆ ಸ್ವಲ್ಪ ಚೈತನ್ಯ, ಗಮನವಿಟ್ಟು ಕೆಲಸ ಮಾಡುವ ಶಕ್ತಿ. ಬೇಜಾರು, ನಿರಾಸೆ, ತಾನು ಯಾತಕ್ಕೂ ಬಾರದವನು ಎಂಬ ಭಾವ ಕರಗುವುದು ಎಲ್ಲಕ್ಕಿಂತ ಕೊನೆಗೆ. ಎರಡರಿಂದ ನಾಲ್ಕು ವಾರಗಳಲ್ಲಿ ಬದಲಾವಣೆಯ ಸುಳಿವು, ಆರರಿಂದ ಎಂಟು ವಾರಗಳಲ್ಲಿ ಬಹುತೇಕ ಪೂರ್ಣ ಪರಿಣಾಮ. ಆ ಸುಳಿವು ರೋಗಿಗಿಂತ ಮೊದಲು ಮನೆಯವರಿಗೆ ಕಾಣುತ್ತದೆ. ಅಡಿಕೆ ತೋಟದ ಯಜಮಾನರೊಬ್ಬರು ನಾಲ್ಕನೆಯ ವಾರ ಬಂದು ತಲೆ ತಗ್ಗಿಸಿ ಕೂತು, ಒಂದು ಚೂರೂ ವ್ಯತ್ಯಾಸವಾಗಿಲ್ಲ ಎಂದರು. ಪಕ್ಕದಲ್ಲಿದ್ದ ಅವರ ಹೆಂಡತಿ, "ಇಲ್ಲ ಸಾರ್, ಮೊನ್ನೆ ಬೋರಿನ ಮೋಟಾರ್ ಸುಟ್ಟಾಗ ಇವರೇ ಫೋನ್ ಮಾಡಿ ಮೆಕ್ಯಾನಿಕ್ ಕರೆಸಿದ್ರು. ಸುಗ್ಗಿಯಿಂದ ಈಚೆಗೆ ಇವರು ಫೋನನ್ನೇ ಮುಟ್ಟಿರಲಿಲ್ಲ" ಎಂದರು. ಅವರು ತಲೆಯೆತ್ತಿ ಹೆಂಡತಿಯನ್ನು ನೋಡಿದರು. ಹೌದಲ್ಲವೇ ಎಂಬಂತಿತ್ತು ಆ ನೋಟ. ವೈದ್ಯರ ಬಳಿ ಹೋಗುವಾಗ ಜೊತೆಗೊಬ್ಬರಿರಲಿ ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

ಇಷ್ಟು ತಡವೇಕೆ ಎಂದು ನೀವು ಕೇಳಬಹುದು. ಸ್ವಲ್ಪ ದಾರಿ ಬಿಟ್ಟ ಮಾತಾದರೂ ಇದರ ಇತಿಹಾಸವನ್ನು ಹೇಳಿಬಿಡುತ್ತೇನೆ. ಈ ಔಷಧಿಗಳು ಯಾವುದೋ ಸಿದ್ಧಾಂತದಿಂದ ಹುಟ್ಟಿದವಲ್ಲ. 1952ರಲ್ಲಿ ನ್ಯೂಯಾರ್ಕ್‌ನ ಸ್ಟೇಟನ್ ಐಲ್ಯಾಂಡ್‌ನ ಕ್ಷಯರೋಗದ ಆಸ್ಪತ್ರೆಯೊಂದರಲ್ಲಿ ಇಪ್ರೊನಿಯಾಜಿಡ್ ಎಂಬ ಮದ್ದು ಕೊಟ್ಟ ರೋಗಿಗಳು ಅಚ್ಚರಿಯೆನಿಸುವಷ್ಟು ಉಲ್ಲಾಸದಿಂದ ಇರುವುದು ಕಂಡುಬಂತು. ಕೆಲವೇ ವರ್ಷಗಳಲ್ಲಿ ಸ್ವಿಟ್ಜರ್ಲೆಂಡ್‌ನ ರೋಲಂಡ್ ಕೂನ್ ಎಂಬ ಮನೋವೈದ್ಯರು ಇಮಿಪ್ರಮಿನ್ ಎಂಬ ಔಷಧ ಖಿನ್ನತೆಯನ್ನು ಇಳಿಸುತ್ತದೆ ಎಂದು ಗಮನಿಸಿ 1957ರಲ್ಲಿ ಪ್ರಕಟಿಸಿದರು. ಅದು ಕೆಲಸ ಮಾಡುತ್ತದೆ ಎಂದು ಮೊದಲು ತಿಳಿಯಿತು, ಹೇಗೆ ಎಂಬ ಹುಡುಕಾಟ ಇಂದಿಗೂ ನಡೆದಿದೆ. ಮಿದುಳಿನಲ್ಲಿ ಸೆರೊಟೋನಿನ್ ಕಡಿಮೆಯಾಗಿದೆ, ಮಾತ್ರೆ ಅದನ್ನು ತುಂಬುತ್ತದೆ ಎಂಬ ಸರಳ ವಿವರಣೆಯನ್ನು ನೀವು ಕೇಳಿರಬಹುದು. ಅದು ಅಷ್ಟು ಸರಳವಲ್ಲ. ಸೆರೊಟೋನಿನ್ ಮೇಲಿನ ಪರಿಣಾಮ ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಆಗುತ್ತದೆ. ಆ ಬದಲಾವಣೆಗೆ ನರಕೋಶಗಳು ಹೊಂದಿಕೊಂಡು, ತಮ್ಮ ನಡುವಿನ ಸಂಪರ್ಕಗಳನ್ನು ನಿಧಾನವಾಗಿ ತಿದ್ದಿಕೊಳ್ಳಲು ವಾರಗಳು ಹಿಡಿಯುತ್ತವೆ, ಗುಣ ಕಾಣುವುದು ಆಗಲೇ ಎಂಬುದು ಈಗಿನ ತಿಳಿವಳಿಕೆ.

ಎಲ್ಲರಿಗೂ ಮೊದಲ ಮಾತ್ರೆಯೇ ಹಿಡಿಯುತ್ತದೆಯೇ ಎಂದರೆ, ಇಲ್ಲ. 2018ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದು 21 ಔಷಧಿಗಳ ಕುರಿತ 522 ಪ್ರಯೋಗಗಳನ್ನು ಒಟ್ಟಿಗೆ ನೋಡಿ, ಎಲ್ಲವೂ ಹುಸಿಮಾತ್ರೆಗಿಂತ ಪರಿಣಾಮಕಾರಿ ಎಂದು ಕಂಡುಕೊಂಡಿತು. ಆದರೆ ಸರಾಸರಿ ಪ್ರಯೋಜನ ಸಾಧಾರಣ ಪ್ರಮಾಣದ್ದೇ. ಅಮೆರಿಕದಲ್ಲಿ ಸುಮಾರು 4,000 ರೋಗಿಗಳನ್ನು ಅನುಸರಿಸಿದ ಅಧ್ಯಯನದಲ್ಲಿ ಮೊದಲ ಔಷಧಿಯಿಂದ ಪೂರ್ಣ ಗುಣವಾದವರು ಸುಮಾರು ಮೂರನೆಯ ಒಂದು ಭಾಗ. ಉಳಿದವರಲ್ಲಿ ಅನೇಕರಿಗೆ ಪ್ರಮಾಣ ಏರಿಸಿದಾಗ, ಔಷಧ ಬದಲಿಸಿದಾಗ, ಜೊತೆಗೆ ಆಪ್ತಸಮಾಲೋಚನೆ ಸೇರಿಸಿದಾಗ ಹಿಡಿತ ಸಿಕ್ಕಿತು. ಆದ್ದರಿಂದ ಸರಿಯಾದ ಪ್ರಮಾಣದಲ್ಲಿ ಆರು ವಾರ ತೆಗೆದುಕೊಂಡ ಮೇಲೂ ಏನೂ ಆಗಲಿಲ್ಲವೆಂದರೆ, ನನ್ನ ಹಣೆಬರಹವೇ ಇಷ್ಟು ಎಂದುಕೊಳ್ಳಬೇಡಿ, ಬಂದು ಹೇಳಿ. ಬದಲಿ ಇದೆ.

ಕೆಲವು ಅಡ್ಡಪರಿಣಾಮಗಳು ವಾಕರಿಕೆಯ ಹಾಗೆ ತಾವಾಗಿ ಹೋಗುವಂಥವಲ್ಲ. ಗಂಡ ಹೆಂಡಿರ ಸಂಬಂಧದಲ್ಲಿ ಆಸಕ್ತಿ ಕುಗ್ಗುವುದು, ವೀರ್ಯ ಸ್ಖಲನ ತಡವಾಗುವುದು, ಹೆಂಗಸರಿಗೆ ತೃಪ್ತಿ ಸಿಗದಿರುವುದು, ಇವು ಈ ಗುಂಪಿನ ಮಾತ್ರೆಗಳಲ್ಲಿ ಬಹಳ ಸಾಮಾನ್ಯ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಸದ್ದಿಲ್ಲದೆ ಮಾತ್ರೆ ನಿಲ್ಲಿಸುತ್ತಾರೆ. ಸಭೆಯಲ್ಲಿ ಈ ವಿಷಯ ಎತ್ತಿದ್ದಕ್ಕೆ ಯಾರೂ ಮುಜುಗರಪಡಬೇಡಿ; ಪ್ರಮಾಣ ಇಳಿಸಿ ಅಥವಾ ಬೇರೆ ಔಷಧಕ್ಕೆ ಬದಲಿಸಿ ಇದಕ್ಕೆ ಪರಿಹಾರ ಹುಡುಕಬಹುದು. ಇನ್ನು ಕೆಲವರು, ಅಳುವೂ ಬರುವುದಿಲ್ಲ ನಗುವೂ ಬರುವುದಿಲ್ಲ, ಎಲ್ಲ ಮರಗಟ್ಟಿದ ಹಾಗಿದೆ ಎನ್ನುತ್ತಾರೆ. ಅದನ್ನೂ ಹೇಳಿ. ಮಿರ್ಟಜಪಿನ್‌ನಂಥ ಮಾತ್ರೆಯಲ್ಲಿ ನಿದ್ರೆ ಚೆನ್ನಾಗಿ ಬರುತ್ತದೆ, ತೂಕವೂ ಏರುತ್ತದೆ. ಗರ್ಭಿಣಿಯಾದೆನೆಂದು ತಿಳಿದ ದಿನವೇ ಹೆದರಿ ಮಾತ್ರೆ ಎಸೆಯಬೇಡಿ, ಮೊದಲು ವೈದ್ಯರೊಂದಿಗೆ ಮಾತನಾಡಿ.

ವಯಸ್ಸಾದವರ ವಿಷಯದಲ್ಲಿ ಒಂದು ಮಾತು. ಅರವತ್ತೈದು ದಾಟಿದವರಲ್ಲಿ, ಅದರಲ್ಲೂ ಬಿಪಿಗಾಗಿ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ, ಮೊದಲ ಕೆಲವು ವಾರಗಳಲ್ಲಿ ರಕ್ತದ ಸೋಡಿಯಂ ಕುಸಿಯಬಹುದು. ಅಜ್ಜಿ ಇದ್ದಕ್ಕಿದ್ದಂತೆ ತಡವರಿಸುತ್ತಾರೆ, ನಡೆಯುವಾಗ ತೂಗಾಡುತ್ತಾರೆ, ಮಾತು ಅಸಂಬದ್ಧವಾಗುತ್ತದೆ. ಮನೆಯವರು ವಯಸ್ಸಾಯಿತು, ಮರೆವು ಎಂದುಕೊಳ್ಳುತ್ತಾರೆ. ಹಾಗೆ ಸುಮ್ಮನಿರಬೇಡಿ, ಒಂದು ಸೋಡಿಯಂ ಪರೀಕ್ಷೆ ಮಾಡಿಸಿ. ಖಿನ್ನತೆಯ ಮಾತ್ರೆಯ ಜೊತೆಗೆ ನೋವಿನ ಮಾತ್ರೆ ಅಥವಾ ಆಸ್ಪಿರಿನ್ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಂಭವ ಹೆಚ್ಚು. ಟ್ರಾಮಡಾಲ್ ಎಂಬ ನೋವುನಿವಾರಕವನ್ನು, ಒಣಕೆಮ್ಮಿಗೆ ಕೊಡುವ ಕೆಲವು ಸಿರಪ್‌ಗಳನ್ನು ವೈದ್ಯರಿಗೆ ತಿಳಿಸದೆ ಇದರ ಜೊತೆ ತೆಗೆದುಕೊಂಡರೆ ಸೆರೊಟೋನಿನ್ ಮಿತಿಮೀರಿ ಜ್ವರ, ನಡುಕ, ಸ್ನಾಯು ಸೆಟೆಯುವಿಕೆ, ಗೊಂದಲ ಕಾಣಿಸಿಕೊಳ್ಳಬಹುದು. ಅಪರೂಪ, ಆದರೆ ತುರ್ತು.

ಹಣದ ಚಿಂತೆಯಿಂದ ನಿಲ್ಲಿಸುವವರೂ ಇದ್ದಾರೆ. ಎಸಿಟಲೋಪ್ರಾಮ್, ಫ್ಲುಯೋಕ್ಸೆಟಿನ್ ಇವೆಲ್ಲ ಜೆನರಿಕ್ ರೂಪದಲ್ಲಿ ಅಗ್ಗವಾಗಿ ಸಿಗುತ್ತವೆ. ನಮ್ಮ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮ ಊರಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ.

ಕೊನೆಯದಾಗಿ, ನಿಲ್ಲಿಸುವ ವಿಷಯ. ಇದು ಚಟವಾಗುತ್ತದೆಯೇ ಎಂಬ ಭಯ ಎಲ್ಲರಿಗೂ ಇದೆ. ಹೆಂಡದ ಹಾಗೆ, ಕ್ಲೋನಜೆಪಾಮ್‌ನ ಹಾಗೆ ಇದಕ್ಕಾಗಿ ಮನಸ್ಸು ಹಾತೊರೆಯುವುದಿಲ್ಲ, ದಿನೇ ದಿನೇ ಪ್ರಮಾಣ ಹೆಚ್ಚಿಸಬೇಕಾಗುವುದೂ ಇಲ್ಲ. ಆದರೆ ತಟ್ಟನೆ ನಿಲ್ಲಿಸಿದರೆ ದೇಹ ಪ್ರತಿಭಟಿಸುತ್ತದೆ: ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಅನುಭವ, ಕಿರಿಕಿರಿ, ವಿಚಿತ್ರ ಕನಸುಗಳು. ಪ್ಯಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್‌ಗಳಲ್ಲಿ ಇದು ಹೆಚ್ಚು. ಫ್ಲುಯೋಕ್ಸೆಟಿನ್ ದೇಹದಿಂದ ಹೊರಹೋಗಲು ವಾರಗಳನ್ನು ತೆಗೆದುಕೊಳ್ಳುವುದರಿಂದ ಅದರಲ್ಲಿ ಕಡಿಮೆ. ಒಂದು ದಿನ ಮರೆತರೆ ಅದೇ ದಿನ ನೆನಪಾದಾಗ ತೆಗೆದುಕೊಳ್ಳಿ, ಮರುದಿನ ಎರಡು ನುಂಗಬೇಡಿ. ಪೂರ್ಣ ಗುಣವಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸಬೇಕು. ಎರಡನೆಯ ಅಥವಾ ಮೂರನೆಯ ಬಾರಿ ಖಿನ್ನತೆ ಬಂದವರಿಗೆ ಎರಡು ವರ್ಷ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ಆಮೇಲೆ ವಾರಗಳಿಂದ ತಿಂಗಳುಗಳವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸುವುದು, ಕೊನೆಯ ಮೆಟ್ಟಿಲುಗಳನ್ನು ಇನ್ನಷ್ಟು ನಿಧಾನವಾಗಿ. ಇಳಿಸಿದ ಎರಡು ಮೂರು ದಿನಗಳಲ್ಲೇ ತಲೆಸುತ್ತು, ಕರೆಂಟ್ ಹೊಡೆದಂತಾಗುವುದು ಶುರುವಾದರೆ ಅದು ಬಹುಮಟ್ಟಿಗೆ ಮಾತ್ರೆ ಇಳಿಸಿದ್ದರ ಫಲ. ಹಿಂದಿನ ಪ್ರಮಾಣಕ್ಕೆ ಮರಳಿ, ಇನ್ನೂ ಸಣ್ಣ ಹೆಜ್ಜೆ ಇಡಬಹುದು. ವಾರಗಳು ಕಳೆದ ಮೇಲೆ ನಿಧಾನವಾಗಿ ನಿದ್ರೆ, ಹಸಿವು, ಆಸಕ್ತಿ ಒಂದೊಂದಾಗಿ ಕೆಡುತ್ತಾ ಬಂದರೆ ಕಾಯಿಲೆಯೇ ಮರಳುತ್ತಿದೆಯೆಂದು ಅನುಮಾನಿಸಬೇಕು. ಮಗಳ ಮದುವೆ, ಪರೀಕ್ಷೆ, ಕೊಯ್ಲು ಇರುವ ತಿಂಗಳಲ್ಲಿ ಇಳಿಸಲು ಶುರುಮಾಡಬೇಡಿ. ಮಾತ್ರೆ ಪೂರ್ತಿ ನಿಂತ ಒಂದೆರಡು ತಿಂಗಳಿಗೆ ಇನ್ನೊಂದು ಭೇಟಿಯ ತಾರೀಖನ್ನು ಚೀಟಿಯಲ್ಲೇ ಬರೆಸಿಕೊಳ್ಳಿ, ಆ ದಿನ ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಬನ್ನಿ.